ನಿಂತು ನುಡಿಸುವ ಮಡಚು ಸೆಟಪ್: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಎಕ್ಸ್ ಆಕಾರದ ಒಂದು ಕೀಬೋರ್ಡ್ ಸ್ಟ್ಯಾಂಡ್. ಅದರ ಮೇಲೆ 12 ಮಿ.ಮೀ. ಪ್ಲೈವುಡ್ ಹಲಗೆ, ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ. ಹಲಗೆ ಮೇಲೆ ಲ್ಯಾಪ್‌ಟಾಪ್, ಆಡಿಯೋ ಇಂಟರ್‌ಫೇಸ್ (ಮೈಕ್, ಸ್ಪೀಕರುಗಳನ್ನು ಲ್ಯಾಪ್‌ಟಾಪಿಗೆ ಸೇರಿಸುವ ಪೆಟ್ಟಿಗೆ), 25 ಕೀಗಳ ಸಣ್ಣ ಮಿಡಿ ಕೀಬೋರ್ಡ್ (ಯಾವ ಸ್ವರ ಒತ್ತಿದಿರಿ ಎಂದು ಲ್ಯಾಪ್‌ಟಾಪಿಗೆ ತಿಳಿಸುವ ಬಗೆಯದು). ಕೆಳಗೆ ಸ್ವರವನ್ನು ಎಳೆದು ಹಿಡಿಯುವ ಸಸ್ಟೇನ್ ಪೆಡಲ್, ಪಕ್ಕದಲ್ಲಿ ಎಕ್ಸ್‌ಟೆನ್ಷನ್ ಬಾಕ್ಸ್. ಮನೆಯಲ್ಲಿ ನಿಂತು ಟ್ರ್ಯಾಕ್ ರೆಕಾರ್ಡ್ ಮಾಡಬಹುದು. ಮಡಚಿ ಕಾರಿನ ಡಿಕ್ಕಿಗೆ ಹಾಕಿಕೊಂಡು ಕಾರ್ಯಕ್ರಮಕ್ಕೂ ಹೋಗಬಹುದು. ಇಷ್ಟನ್ನು ಕಟ್ಟುವುದು ಒಂದು ಭಾನುವಾರದ ಕೆಲಸ. ಕೈಕೊಟ್ಟಾಗ ಯಾವುದು ಕೈಕೊಟ್ಟಿತು ಎಂದು ಹುಡುಕುವುದೇ ತಲೆನೋವು.

ಮನೆಯ ಮೇಜಿನ ಮೇಲಿನ ಸೆಟಪ್ಪನ್ನು ಒಮ್ಮೆ ಜೋಡಿಸಿದರೆ ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ. ಇದು ಹಾಗಲ್ಲ. ಪ್ರತಿ ಸಲ ಬಿಚ್ಚಬೇಕು, ಪ್ರತಿ ಸಲ ಜೋಡಿಸಬೇಕು. ಹಾಗಾಗಿ ದೋಷ ಉಪಕರಣದ ಹೊಟ್ಟೆಯೊಳಗೆ ಇರುವುದು ಕಡಿಮೆ. ಎರಡು ವಸ್ತು ಸೇರುವ ಜಾಗದಲ್ಲಿ ಇರುವುದೇ ಜಾಸ್ತಿ. ಹಲಗೆ ಸ್ಟ್ಯಾಂಡಿಗೆ ಕೂರುವಲ್ಲಿ, ಪ್ಲಗ್ ಸಾಕೆಟ್ಟಿಗೆ ಹೋಗುವಲ್ಲಿ, ಪಿನ್ ಜ್ಯಾಕಿಗೆ ಸೇರುವಲ್ಲಿ. ನಾವು ಮಾಡುವುದೇನು? ಸದ್ದು ಸ್ವಲ್ಪ ಕೆಟ್ಟ ತಕ್ಷಣ ಸಾಫ್ಟ್‌ವೇರ್ ಸೆಟ್ಟಿಂಗ್ ತೆರೆದು ಕೂರುತ್ತೇವೆ, ಇಲ್ಲವೇ ಹೊಸ ಇಂಟರ್‌ಫೇಸಿನ ಬೆಲೆ ನೋಡುತ್ತೇವೆ. ಇವೆರಡೂ ಕೊನೆಗೆ ಮಾಡುವ ಕೆಲಸ.

ಹುಡುಕುವ ಕ್ರಮ ಹೀಗಿರಲಿ: ಮೊದಲು ಸ್ಟ್ಯಾಂಡ್, ಆಮೇಲೆ ಕರೆಂಟ್, ಆಮೇಲೆ ಕೇಬಲ್, ಕೊನೆಗೆ ಸಾಫ್ಟ್‌ವೇರ್. ಇದಕ್ಕೆ ಕಾರಣ ಇದೆ. ಸ್ಟ್ಯಾಂಡ್ ಅಲುಗಿದರೆ ಯುಎಸ್‌ಬಿ ಪ್ಲಗ್ ಸಡಿಲವಾಗುತ್ತದೆ. ಪ್ಲಗ್ ಸಡಿಲವಾದರೆ ಸದ್ದು ಚಟಪಟ ಎನ್ನುತ್ತದೆ. ಚಟಪಟ ಕೇಳಿದವರು ಬಫರ್ ಸೈಜ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ಕಂತು) ಬದಲಿಸುತ್ತಾ ರಾತ್ರಿ ಕಳೆಯುತ್ತಾರೆ. ಇನ್ನೊಂದು ಮಾತು: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಫರಕು ಕಾಣದಿದ್ದರೆ ಅದನ್ನು ಮೊದಲಿದ್ದ ಹಾಗೇ ಇಟ್ಟು ಮುಂದಕ್ಕೆ ಹೋಗಿ. ಮೂರು ಕೇಬಲ್ ಒಟ್ಟಿಗೆ ಬದಲಿಸಿ ಸರಿಹೋದರೆ, ಕೆಟ್ಟ ಕೇಬಲ್ ಯಾವುದೆಂದು ಗೊತ್ತಾಗದೆ ಅದು ಮತ್ತೆ ಬ್ಯಾಗಿಗೇ ಹೋಗುತ್ತದೆ.

ಅಲುಗಾಟ

ಹಲಗೆಯ ಅಂಚನ್ನು ಒಂದು ಬೆರಳಿನಿಂದ ಪಕ್ಕಕ್ಕೆ ತಳ್ಳಿ. ಕಣ್ಣು ಹಲಗೆಯ ಮೇಲಲ್ಲ, ಸ್ಟ್ಯಾಂಡಿನ ಮೇಲಿರಲಿ.

ಹಲಗೆ ಮಾತ್ರ ಜರುಗಿ ಸ್ಟ್ಯಾಂಡ್ ಅಲುಗದೆ ನಿಂತರೆ ದೋಷ ಇವೆರಡರ ನಡುವೆ ಇದೆ. ಸ್ಟ್ಯಾಂಡಿನ ತೋಳಿಗೆ ಹಾಕಿರುವ ರಬ್ಬರ್ ಕೀಬೋರ್ಡಿನ ಪ್ಲಾಸ್ಟಿಕ್ಕಿಗೆ ಸಾಕು, ಪಾಲಿಶ್ ಹೊಡೆದ ಪ್ಲೈವುಡ್ಡಿಗೆ ಸಾಲದು. ಸ್ಟ್ಯಾಂಡಿನ ಎರಡೂ ತೋಳು ಒಂದೇ ಕಡೆಗೆ ವಾಲಿದರೆ, ನಡುವಿನ ಬೋಲ್ಟ್ ಸಡಿಲ ಇದೆ. ಅಲ್ಲಿ ಮಾಮೂಲಿ ನಟ್ಟು ಇದ್ದರೆ ಒಳಗೆ ನೈಲಾನ್ ಉಂಗುರ ಇರುವ ಲಾಕ್ ನಟ್ಟು ಹಾಕಿಸಿ. ಮಡಚಿ ಬಿಚ್ಚಿ ಮಾಡಿದರೂ ಅದು ತಾನಾಗಿ ಸಡಿಲಗೊಳ್ಳುವುದಿಲ್ಲ. ಇಡೀ ಸ್ಟ್ಯಾಂಡ್ ಕುಂಟಿದರೆ ನೆಲ ಸಮ ಇಲ್ಲ ಅಥವಾ ಕಾಲಿನ ರಬ್ಬರ್ ಒಂದು ಕಡೆ ಬಿದ್ದುಹೋಗಿದೆ. ದೇವಸ್ಥಾನದ ಕಲ್ಲು ಚಪ್ಪಡಿಯ ಮೇಲೆ ಇದು ಇದ್ದದ್ದೇ. ಹಳೇ ಸೈಕಲ್ ಟ್ಯೂಬಿನ ಪಟ್ಟಿಯನ್ನು ಕಾಲಿನ ತುದಿಗೆ ಸುತ್ತಿದರೆ ಮುಗಿಯಿತು.

ಇವು ಯಾವುದೂ ಅಲ್ಲ, ಬೋಲ್ಟ್ ಗಟ್ಟಿ ಇದೆ, ರಬ್ಬರ್ ಇದೆ, ಆದರೂ ನುಡಿಸುವಾಗ ಎಡಬಲಕ್ಕೆ ಓಲಾಡುತ್ತದೆ ಅಂದರೆ ಎತ್ತರದ ಸಮಸ್ಯೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಕ್ಸ್ ಸ್ಟ್ಯಾಂಡನ್ನು ಎತ್ತರಕ್ಕೆ ಏರಿಸಿದಷ್ಟೂ ಅದರ ಎರಡು ಕಾಲು ಹತ್ತಿರ ಹತ್ತಿರ ಬರುತ್ತವೆ. ಅಂದರೆ ಭಾರ ಮೇಲಕ್ಕೆ ಹೋದಂತೆಲ್ಲ ತಳ ಕಿರಿದಾಗುತ್ತದೆ. ಕೂತು ನುಡಿಸುವ ಎತ್ತರದಲ್ಲಿ ಬಂಡೆಯಂತೆ ನಿಲ್ಲುವ ಸ್ಟ್ಯಾಂಡ್, ನಿಂತು ನುಡಿಸುವ ಎತ್ತರದಲ್ಲಿ ತೂರಾಡುವುದು ಇದಕ್ಕೇ. ಅದರಲ್ಲಿ ದೋಷವೇನೂ ಇಲ್ಲ, ಅದರ ರಚನೆಯೇ ಹಾಗೆ.

ಪರಿಹಾರ: ಸ್ಟ್ಯಾಂಡನ್ನು ಒಂದೆರಡು ಹಲ್ಲು ಕೆಳಗಿಳಿಸಿ ಕಾಲು ಅಗಲ ಮಾಡಿ. ಕಳೆದುಕೊಂಡ ಎತ್ತರವನ್ನು ಹಲಗೆಯ ಕೆಳಗೆ ಮರದ ಪಟ್ಟಿ ಹೊಡೆದು ತುಂಬಿಸಿ. ಎರಡು ಅಥವಾ ಮೂರು ಇಂಚು ದಪ್ಪದ ಪಟ್ಟಿ ಸಾಕು. ಆ ಪಟ್ಟಿಯ ತಳದಲ್ಲಿ ಸ್ಟ್ಯಾಂಡಿನ ತೋಳು ಕೂರುವಷ್ಟು ಕಚ್ಚು ಹೊಡೆಸಿದರೆ ಹಲಗೆ ಜಾರುವ ಸಮಸ್ಯೆಯೂ ಅದರಲ್ಲೇ ತೀರುತ್ತದೆ. ಆದರೆ ಎತ್ತರ ಬದಲಿಸಿದರೆ ತೋಳುಗಳ ನಡುವಿನ ಅಂತರವೂ ಬದಲಾಗುತ್ತದೆ ಎಂಬುದು ನೆನಪಿರಲಿ. ಕಚ್ಚು ಒಂದೇ ಎತ್ತರಕ್ಕೆ ಹೊಂದುತ್ತದೆ. ಹಾಗಾಗಿ ಕೆಲವು ದಿನ ನಿಂತು ನುಡಿಸಿ, ಎತ್ತರ ಇದೇ ಎಂದು ಖಚಿತವಾದ ಮೇಲೆ ಕಾರ್ಪೆಂಟರ್ ಹತ್ತಿರ ಹೋಗಿ.

ಗಟ್ಟಿಯಾಗಲಿ ಎಂದು 18 ಮಿ.ಮೀ. ಪ್ಲೈವುಡ್ ಹಾಕುವವರಿದ್ದಾರೆ. ಈ ಅಳತೆಗೆ 12 ಮಿ.ಮೀ. ಹಲಗೆ ಮೂರು ಕೆಜಿ ಚಿಲ್ಲರೆ ತೂಗುತ್ತದೆ, 18 ಮಿ.ಮೀ.ದು ಐದು ಕೆಜಿ ಹತ್ತಿರ ಬರುತ್ತದೆ. ತೂಕ ಮೇಲೆ ಹೆಚ್ಚಾದರೆ ಓಲಾಟ ಕಡಿಮೆಯಾಗುವುದಿಲ್ಲ, ಜಾಸ್ತಿಯೇ ಆಗುತ್ತದೆ. ಮೂರನೇ ಮಹಡಿಗೆ ಹೊತ್ತು ಹತ್ತುವವರೂ ನೀವೇ ಅಲ್ವಾ?

ಮುಟ್ಟಿದರೆ ಜುಮ್ ಎನ್ನುತ್ತದೆ

ಸದ್ದಿನ ಮಾತಿಗೆ ಮೊದಲು ಇದು. ಲ್ಯಾಪ್‌ಟಾಪಿನ ಲೋಹದ ಮೈಯನ್ನೋ ಇಂಟರ್‌ಫೇಸಿನ ಅಂಚನ್ನೋ ಬೆರಳಿನಿಂದ ಸವರಿದಾಗ ಜುಮ್ ಎಂದರೆ, ಅಥವಾ ಮೈಕಿಗೆ ತುಟಿ ತಾಗಿದಾಗ ಚುರುಕ್ ಎಂದರೆ, ಅದನ್ನು ನಕ್ಕು ಬಿಡಬೇಡಿ.

ಎರಡು ಪಿನ್ನಿನ ಲ್ಯಾಪ್‌ಟಾಪ್ ಚಾರ್ಜರ್‌ಗಳಲ್ಲಿ ಸಣ್ಣ ಜುಮ್ ಮಾಮೂಲಿ. ಚಾರ್ಜರಿನ ಒಳಗಿನ ಒಂದು ಚಿಕ್ಕ ಕೆಪಾಸಿಟರ್ ಮೂಲಕ ಅತಿ ಕಡಿಮೆ ಕರೆಂಟ್ ಸೋರುತ್ತದೆ, ಅದಕ್ಕೆ ಹೋಗಲು ಅರ್ಥಿಂಗ್ ದಾರಿ ಇಲ್ಲದ್ದರಿಂದ ನಿಮ್ಮ ಮೈ ಹಿಡಿಯುತ್ತದೆ. ಮಲ್ಟಿಮೀಟರ್ ಇಟ್ಟರೆ ನೂರು ವೋಲ್ಟಿನ ಆಸುಪಾಸು ತೋರಿಸಿ ಗಾಬರಿ ಹುಟ್ಟಿಸಬಹುದು. ಆದರೆ ಹರಿಯುವ ಕರೆಂಟ್ ಬಹಳ ಸಣ್ಣದು. ಅಪಾಯ ಇರುವುದು ಮೂರು ಪಿನ್ನಿನ ಉಪಕರಣ ಜುಮ್ ಎಂದಾಗ. ಅದರ ಲೋಹದ ಮೈ ನೇರವಾಗಿ ಅರ್ಥಿಂಗಿಗೆ ಸೇರಿರಬೇಕು. ಆದರೂ ಜುಮ್ ಎನ್ನುತ್ತಿದೆ ಎಂದರೆ ಎಲ್ಲೋ ಅರ್ಥ್ ತಂತಿ ತುಂಡಾಗಿದೆ, ಅಥವಾ ಗೋಡೆಯ ಸಾಕೆಟ್ಟಿನಲ್ಲೇ ಅರ್ಥಿಂಗ್ ಇಲ್ಲ.

ಟೆಸ್ಟರ್ ಇಟ್ಟು ನೋಡಿದರೆ ಇದು ಗೊತ್ತಾಗುವುದಿಲ್ಲ. ಟೆಸ್ಟರ್ ಫೇಸ್ ಎಲ್ಲಿದೆ ಎಂದು ಹೇಳುತ್ತದೆ, ಅಷ್ಟೇ. ಮಲ್ಟಿಮೀಟರ್ ಬೇಕು. ಮೂರು ಪಿನ್ ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಮೇಲಿನ ದಪ್ಪ ತೂತು ಅರ್ಥ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು ಬರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ಫೇಸ್–ಅರ್ಥ್ ಅಳತೆ ತೀರಾ ಕಡಿಮೆ ಬಂದರೆ ಅಥವಾ ಒಂದು ಕಡೆ ನಿಲ್ಲದೆ ಓಡಾಡಿದರೆ ಅರ್ಥಿಂಗ್ ಹೆಸರಿಗೆ ಮಾತ್ರ ಇದೆ. ಮಲ್ಟಿಮೀಟರ್ ಕೈಯಲ್ಲಿ ಹಿಡಿದು ರೂಢಿ ಇಲ್ಲದಿದ್ದರೆ ಎಲೆಕ್ಟ್ರೀಷಿಯನ್ ಕೈಲಿ ಮಾಡಿಸಿ. ಇದರಲ್ಲಿ ಧೈರ್ಯ ತೋರಿಸುವುದೇನೂ ಇಲ್ಲ.

ನಮ್ಮ ಕಡೆ ಇದು ಇನ್ನೂ ಮುಖ್ಯ. ದೇವಸ್ಥಾನದ ಅಂಗಳದಲ್ಲಿ, ಮದುವೆ ಮಂಟಪದಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಲ್ಲುತ್ತೇವೆ. ಕೂತು ನುಡಿಸುವವರ ಕೆಳಗೆ ಜಮಖಾನ ಇರುತ್ತದೆ. ನಿಂತವರ ಕೆಳಗೆ ತೊಳೆದು ಇನ್ನೂ ಆರದ ಕಲ್ಲು ಇರುತ್ತದೆ. ಮನೆಯಲ್ಲಿ ಚಪ್ಪಲಿ ಹಾಕಿಕೊಂಡಿದ್ದಾಗ ಗೊತ್ತೇ ಆಗದ ಸೋರಿಕೆ ಅಲ್ಲಿ ಚೆನ್ನಾಗಿ ಹೊಡೆಯುತ್ತದೆ. ಚಪ್ಪಲಿ ಹಾಕಿದರೆ ಜುಮ್ ನಿಲ್ಲುತ್ತದೆ, ದೋಷ ನಿಲ್ಲುವುದಿಲ್ಲ. ದಪ್ಪ ರಬ್ಬರ್ ಮ್ಯಾಟ್ ಒಂದನ್ನು ಸ್ಟ್ಯಾಂಡಿನ ಜೊತೆಗೇ ಕಟ್ಟಿಟ್ಟುಕೊಳ್ಳಿ. ಆದರೆ ಅದನ್ನೇ ರಿಪೇರಿ ಎಂದುಕೊಳ್ಳಬೇಡಿ.

ಸದ್ದು: ಯಾವ ಸದ್ದು ಎಂದು ಮೊದಲು ಹೇಳಿ

"ನಾಯ್ಸ್ ಬರ್ತಿದೆ" ಅಂದರೆ ಯಾರೂ ಸಹಾಯ ಮಾಡಲಾರರು. ಗುಂಯ್ ಎನ್ನುತ್ತಿದೆಯೋ, ಜರ್ರ್ ಎನ್ನುತ್ತಿದೆಯೋ, ಕೀಂ ಎನ್ನುತ್ತಿದೆಯೋ? ಮೂರಕ್ಕೂ ಬೇರೆ ಬೇರೆ ಕಾರಣ.

ದಪ್ಪ ದನಿಯ ಗುಂಯ್ ಕರೆಂಟಿನದು. ನಮ್ಮಲ್ಲಿ ಅದು 50 ಹರ್ಟ್ಜ್, ಜೊತೆಗೆ 100. ಅಮೆರಿಕದವರ ವಿಡಿಯೋ ನೋಡಿ 60 ಹರ್ಟ್ಜ್‌ಗೆ ಫಿಲ್ಟರ್ ಹಾಕಿ ಏನೂ ಆಗಲಿಲ್ಲ ಎನ್ನುವವರು ಇದನ್ನು ಗಮನಿಸಿ. ಕೀಬೋರ್ಡ್ ಹತ್ತಿರ ಇದ್ದರೆ 88 ಕೀಗಳ ಕೀಬೋರ್ಡಿನ ತೀರಾ ಕೆಳಗಿನ ಜಿ ಸ್ವರದ ಜೊತೆ ಹೋಲಿಸಿ, 25 ಕೀಗಳದ್ದಾದರೆ ಆಕ್ಟೇವ್ ಗುಂಡಿಯಿಂದ ಅಷ್ಟು ಕೆಳಗಿಳಿಸಿ. ಅದು 49 ಹರ್ಟ್ಜ್, ಅದರ ಮೇಲಿನ ಜಿ 98. ಗುಂಯ್ ಅದಕ್ಕಿಂತ ಒಂದು ಚೂರು ಏರಿದಂತೆ ಕೇಳಿದರೆ ಅನುಮಾನವೇ ಬೇಡ. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ 50 ಹರ್ಟ್ಜ್ ಕೇಳಿಸುವುದೇ ಇಲ್ಲ. ಮನೆಯಲ್ಲಿ ಎಲ್ಲ ಸರಿ ಇತ್ತು, ವೇದಿಕೆಯ ದೊಡ್ಡ ಬಾಕ್ಸಿಗೆ ಹಾಕಿದ ಕೂಡಲೇ ಬಂತು ಎನ್ನುವುದರ ಗುಟ್ಟು ಎಷ್ಟೋ ಸಲ ಇಷ್ಟೇ. ಮೊದಲೇ ಇತ್ತು, ಕೇಳಿಸುತ್ತಿರಲಿಲ್ಲ.

ಗುಂಯ್ ಹುಡುಕುವುದು ಹೀಗೆ. ಇಂಟರ್‌ಫೇಸಿಗೆ ಹೆಡ್‌ಫೋನ್ ಹಾಕಿ, ಸ್ಪೀಕರಿನ ಕೇಬಲ್ ಕಿತ್ತಿಡಿ. ಹೆಡ್‌ಫೋನಿನಲ್ಲಿ ನಿಶ್ಶಬ್ದ, ಸ್ಪೀಕರಿಗೆ ಹಾಕಿದಾಗ ಮಾತ್ರ ಗುಂಯ್ ಅಂದರೆ ಲ್ಯಾಪ್‌ಟಾಪ್ ಮತ್ತು ಸ್ಪೀಕರ್ ನಡುವೆ ಅರ್ಥಿಂಗಿನ ಸುತ್ತು ಆಗಿದೆ. ಎರಡೂ ಬೇರೆ ಬೇರೆ ಸಾಕೆಟ್ಟಿನಿಂದ ಅರ್ಥ್ ಪಡೆಯುತ್ತಿವೆ, ಆಡಿಯೋ ಕೇಬಲಿನ ಶೀಲ್ಡ್ ಎರಡನ್ನೂ ಸೇರಿಸಿ ಸುತ್ತು ಪೂರ್ತಿ ಮಾಡಿದೆ. ಈಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಈ ಇಡೀ ಬರಹದಲ್ಲಿ ಒಂದೇ ಪರೀಕ್ಷೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಚಾರ್ಜರ್ ಕಿತ್ತ ಕ್ಷಣ ಸದ್ದು ನಿಂತರೆ ಸುತ್ತು ಅಲ್ಲೇ ಇದೆ.

ಪರಿಹಾರ ಸುಲಭದಿಂದ ಶುರು ಮಾಡಿ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ. ಸಾಲದಿದ್ದರೆ ಇಂಟರ್‌ಫೇಸಿನಿಂದ ಸ್ಪೀಕರಿಗೆ ಬ್ಯಾಲೆನ್ಸ್ಡ್ ಕೇಬಲ್ (ಒಂದೇ ಸಿಗ್ನಲನ್ನು ಎರಡು ತಂತಿಯಲ್ಲಿ ಒಯ್ಯುವುದು, ಒಂದರಿಂದ ಇನ್ನೊಂದನ್ನು ಕಳೆದಾಗ ದಾರಿಯಲ್ಲಿ ಸೇರಿದ ಗಲಾಟೆ ಹೋಗುತ್ತದೆ) ಬಳಸಿ. ಅದರ ಪಿನ್ನಿನಲ್ಲಿ ಎರಡು ಕಪ್ಪು ಗೆರೆ ಇರುತ್ತವೆ, ಮಾಮೂಲಿ ಗಿಟಾರ್ ಕೇಬಲಿನಲ್ಲಿ ಒಂದೇ. ಕಾರ್ಯಕ್ರಮಗಳಿಗೆ ಹೋಗುವವರು ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ವಾದ್ಯಕ್ಕೂ ಮಿಕ್ಸರಿಗೂ ನಡುವೆ ಹಾಕುವ ಸಣ್ಣ ಪೆಟ್ಟಿಗೆ) ಇಟ್ಟುಕೊಳ್ಳುವುದು ಒಳ್ಳೆಯದು. ಅದು ಸಿಗ್ನಲನ್ನು ದಾಟಿಸುತ್ತದೆ, ಅದರಲ್ಲಿರುವ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದರೆ ಆಡಿಯೋ ಕೇಬಲಿನ ಮೂಲಕ ಆದ ಸುತ್ತು ಕಡಿಯುತ್ತದೆ.

ಪ್ಲಗ್ಗಿನ ಅರ್ಥ್ ಪಿನ್ ಮುರಿದು ಹಾಕುವುದು, ಅದಕ್ಕೆ ಟೇಪ್ ಸುತ್ತುವುದು, ಎರಡು ಪಿನ್ನಿನ ಅಡಾಪ್ಟರ್ ಹಾಕಿ ಮೋಸ ಮಾಡುವುದು ಯಾವುದೂ ಬೇಡ. ಗುಂಯ್ ನಿಲ್ಲುವುದು ನಿಜ. ಹಿಂದಿನ ವಿಭಾಗದಲ್ಲಿ ಹೇಳಿದ ಅಪಾಯ ಅಲ್ಲಿಂದಲೇ ಶುರುವಾಗುತ್ತದೆ.

ಜರ್ರ್ ಎನ್ನುವ ಚೂಪು ಸದ್ದು ಹೆಚ್ಚಾಗಿ ಡಿಮ್ಮರಿನದು. ಮನೆಯಲ್ಲಾದರೆ ಫ್ಯಾನ್ ರೆಗ್ಯುಲೇಟರ್ ನೋಡಿ. ತಿರುಗಿಸಿದಂತೆ ವೇಗ ನಿಧಾನವಾಗಿ ಏರುವ ಬಗೆಯದಾದರೆ ಅದರ ಮೇಲೆ ಅನುಮಾನ ಪಡಿ. ಫ್ಯಾನ್ ಫುಲ್ ಸ್ಪೀಡಿಗೆ ಹಾಕಿ, ಆಮೇಲೆ ಆಫ್ ಮಾಡಿ, ಎರಡರಲ್ಲೂ ಸದ್ದು ಹೇಗೆ ಬದಲಾಗುತ್ತದೆ ಕೇಳಿ. ಕರೆಂಟ್ ಹೋಗಿ ಇನ್ವರ್ಟರ್ ಶುರುವಾದ ಕ್ಷಣದಿಂದ ಜರ್ರ್ ಬಂದರೆ ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬಹುದು. ಆಗ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ, ಹೆಡ್‌ಫೋನ್ ಹಾಕಿಕೊಂಡು ಕೆಲಸ ಮುಂದುವರಿಸಿ.

ನವೆಂಬರ್ ಬಂತೆಂದರೆ ರಾಜ್ಯೋತ್ಸವದ ವೇದಿಕೆಗಳು ಶುರು. ಅಲ್ಲಿ ವೇದಿಕೆಯ ಬಣ್ಣದ ಲೈಟು, ಸೀರಿಯಲ್ ಸೆಟ್, ಮೈಕ್ ಸೆಟ್ ಎಲ್ಲ ಒಂದೇ ಕಡೆಯಿಂದ ಕರೆಂಟ್ ಎಳೆದಿರುತ್ತವೆ. ಅಂಥದ್ದೊಂದು ಕಡೆ ಮೈಕ್ ಸೆಟ್‌ನವರು ನನಗೆ ಹೇಳಿದ್ದು ಇದು: "ಸಾರ್, ನಮ್ ಕಡೆ ಏನೂ ಇಲ್ಲ. ನಿಮ್ ಲ್ಯಾಪ್‌ಟಾಪೇ ಸೌಂಡ್ ಮಾಡ್ತಿದೆ." ನಾನು ನನ್ನ ಕೇಬಲ್ ಕಿತ್ತು ಕೈಯಲ್ಲಿ ಹಿಡಿದೆ. ಜರ್ರ್ ಹಾಗೇ ಇತ್ತು. "ಅಣ್ಣಾ, ಆ ಲೈಟಿನ ಡಿಮ್ಮರ್ ಒಂದ್ ಸಲ ಆಫ್ ಮಾಡ್ತೀರಾ?" ಎಂದೆ. ಆಫ್ ಆಯಿತು, ಸದ್ದೂ ನಿಂತಿತು. ಕಿತ್ತ ಕೇಬಲ್ ಕೈಯಲ್ಲಿದ್ದಾಗ ವಾದ ಬೇಕಾಗುವುದಿಲ್ಲ.

ಕೀಂ ಎನ್ನುವ ಸಣ್ಣ ದನಿ, ಮೌಸ್ ಅಲುಗಿಸಿದಾಗ ಅಥವಾ ಪರದೆ ಸರಿಸಿದಾಗ ಬದಲಾದರೆ ಅದು ಕಂಪ್ಯೂಟರಿನೊಳಗಿನ ಗಲಾಟೆ ಯುಎಸ್‌ಬಿ ತಂತಿಯ ಗ್ರೌಂಡ್ ಮೂಲಕ ಹೊರಗೆ ಬರುತ್ತಿರುವುದು. ಯುಎಸ್‌ಬಿ 2ರ ವೇಗದ ಉಪಕರಣಗಳಲ್ಲಿ ಡೇಟಾ ಸೆಕೆಂಡಿಗೆ 8,000 ಸಲ ಕಂತಿನಲ್ಲಿ ಹೋಗುತ್ತದೆ. ಹಾಗಾಗಿ 8,000 ಹರ್ಟ್ಜ್ ಹತ್ತಿರ ಒಂದೇ ಸಮನೆ ಸೀಟಿ ಕೇಳಿಸಿದರೆ ಅದೇ ಮೂಲ. ಹಳೆಯ, ನಿಧಾನ ಬಗೆಯದಾದರೆ 1,000 ಹರ್ಟ್ಜ್. ಇದಕ್ಕೂ ಔಷಧ ಮೇಲಿನದೇ: ಬ್ಯಾಲೆನ್ಸ್ಡ್ ಕೇಬಲ್ ಅಥವಾ ಡಿಐ ಬಾಕ್ಸ್. ಐದು ಪಿನ್ನಿನ ಹಳೇ ಮಿಡಿ ಕೇಬಲ್ಲಿಂದ ಈ ತೊಂದರೆ ಬರುವುದಿಲ್ಲ. 1983ರಲ್ಲಿ ಮಿಡಿ ರೂಪಿಸಿದವರು ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸುವ ಸಣ್ಣ ಭಾಗವೊಂದನ್ನು ಒಳಬರುವ ಕಡೆ ಇಟ್ಟರು, ತಂತಿ ತಂತಿಗೆ ತಾಗುವುದೇ ಇಲ್ಲ. ಎಲ್ಲವನ್ನೂ ಯುಎಸ್‌ಬಿಗೆ ತಂದ ನಾವು ಆ ಅನುಕೂಲ ಕಳೆದುಕೊಂಡೆವು.

ಇದ್ದಕ್ಕಿದ್ದಂತೆ ಮಾಯ

ಇಂಟರ್‌ಫೇಸ್ ಆಗಾಗ ಆಫ್ ಆಗಿ ಮತ್ತೆ ಆನ್ ಆಗುತ್ತಿದ್ದರೆ, ಅದು ಅಲುಗಿದಾಗ ಆಗುತ್ತದೋ ಸುಮ್ನೆ ಇದ್ದಾಗಲೂ ಆಗುತ್ತದೋ ನೋಡಿ.

ಸುಮ್ನೆ ಇದ್ದಾಗಲೂ ಆದರೆ ಕರೆಂಟ್ ಸಾಲುತ್ತಿಲ್ಲ. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪ್, ಯುಎಸ್‌ಬಿ 3 ಪೋರ್ಟ್ 900. ಒಂದು ಸಣ್ಣ ಹಬ್ಬಿಗೆ ಇಂಟರ್‌ಫೇಸ್, ಬಣ್ಣದ ಲೈಟಿರುವ ಮಿಡಿ ಕೀಬೋರ್ಡ್, ಪೆನ್‌ಡ್ರೈವ್ ಎಲ್ಲ ಸಿಕ್ಕಿಸಿದರೆ ಅವೆಲ್ಲ ಒಂದೇ ಪೋರ್ಟಿನ ಪಾಲನ್ನು ಹಂಚಿಕೊಳ್ಳಬೇಕು. ಕಂಡೆನ್ಸರ್ ಮೈಕಿಗೆ 48 ವೋಲ್ಟಿನ ಫ್ಯಾಂಟಮ್ ಪವರ್ ಗುಂಡಿ ಒತ್ತಿದ ಕ್ಷಣವೇ ಇಂಟರ್‌ಫೇಸ್ ಸತ್ತರೆ ಬೇರೆ ಸಾಕ್ಷಿ ಬೇಡ. ಆ 48 ವೋಲ್ಟನ್ನು ಅದು ಯುಎಸ್‌ಬಿಯ 5 ವೋಲ್ಟಿನಿಂದಲೇ ಮಾಡಿಕೊಳ್ಳಬೇಕು. ಇಂಟರ್‌ಫೇಸನ್ನು ನೇರ ಲ್ಯಾಪ್‌ಟಾಪಿಗೆ ಹಾಕಿ. ಉಳಿದದ್ದಕ್ಕೆ ತನ್ನದೇ ಅಡಾಪ್ಟರ್ ಇರುವ ಹಬ್ ತನ್ನಿ. ವಿಂಡೋಸ್‌ನಲ್ಲಿ ಪವರ್ ಸೆಟ್ಟಿಂಗಿಗೆ ಹೋಗಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ. ಇಲ್ಲದಿದ್ದರೆ ಉಳಿತಾಯದ ಹೆಸರಲ್ಲಿ ಅದು ಪೋರ್ಟನ್ನು ಮಲಗಿಸುತ್ತದೆ.

ಅಲುಗಿದಾಗ ಆದರೆ ಕೇಬಲ್ ಅಥವಾ ಪೋರ್ಟ್. ಸದ್ದು ಓಡಿಸಿಟ್ಟು ಕೇಬಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಲ್ಲಿ ಮೆಲ್ಲಗೆ ಬಾಗಿಸುತ್ತಾ ಬನ್ನಿ. ಸಾಮಾನ್ಯವಾಗಿ ಪಿನ್ನಿನ ಕತ್ತಿನಿಂದ ಎರಡು ಇಂಚಿನೊಳಗೇ ಸಿಕ್ಕಿಬೀಳುತ್ತದೆ. ಮೊಣಕೈಗೂ ಅಂಗೈಗೂ ಬಿಗಿಯಾಗಿ ಸುತ್ತಿ ಇಡುವ ಕೇಬಲ್ ಒಳಗೊಳಗೇ ತಿರುಚಿಕೊಂಡು ಅಲ್ಲೇ ತುಂಡಾಗುತ್ತದೆ. ದೊಡ್ಡ ಸುತ್ತಾಗಿ, ಅದು ಬಂದ ದಿಕ್ಕಿಗೇ ಮಡಚಿ. ಸ್ಟ್ಯಾಂಡಿನ ಮೇಲೆ ಪ್ರತಿ ಕೇಬಲನ್ನೂ ಪೋರ್ಟಿನಿಂದ ಒಂದು ಗೇಣು ದೂರದಲ್ಲಿ ವೆಲ್‌ಕ್ರೋ ಪಟ್ಟಿಯಿಂದ ಹಲಗೆಗೆ ಕಟ್ಟಿ. ಯಾರಾದರೂ ಎಡವಿದರೆ ಎಳೆತ ಹಲಗೆಗೆ ಬೀಳುತ್ತದೆ, ಪೋರ್ಟಿಗಲ್ಲ. ಕೇಬಲ್ ಹೊಸದು ಸಿಗುತ್ತದೆ. ಬೆಸುಗೆ ಬಿಟ್ಟ ಪೋರ್ಟಿಗೆ ಬೆಂಗಳೂರಿನ ಎಸ್‌ಪಿ ರೋಡ್ ಅಲೆಯಬೇಕು.

ಇನ್ನೊಂದು ವಿಚಿತ್ರ ಮಾಯ ಇದೆ. ಟ್ರ್ಯಾಕ್ ಹಾಕಿದರೆ ವಾದ್ಯಗಳು ತೆಳ್ಳಗೆ ಕೇಳುತ್ತವೆ, ಹಾಡಿನ ದನಿಯೇ ಇಲ್ಲ, ಅದರ ಪ್ರತಿಧ್ವನಿ ಮಾತ್ರ ದೂರದಲ್ಲಿ ತೇಲುತ್ತಿದೆ. ಫೈಲ್ ಕೆಟ್ಟಿಲ್ಲ. ಹೆಡ್‌ಫೋನ್ ಔಟಿನ ಸ್ಟೀರಿಯೋ ಪಿನ್ನನ್ನು ಮಿಕ್ಸರಿನ ಒಂದೇ ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೆ ಹಾಕಿದ್ದಾರೆ. ಮಿಕ್ಸರ್ ಎಡದಿಂದ ಬಲವನ್ನು ಕಳೆಯುತ್ತದೆ. ಎರಡರಲ್ಲೂ ಒಂದೇ ಸಮ ಇರುವ ನಡುವಿನ ದನಿ ಪೂರ್ತಿ ಅಳಿಸಿಹೋಗುತ್ತದೆ. ಒಂದು ಸ್ಟೀರಿಯೋ ಪಿನ್ನಿನಿಂದ ಎರಡು ಮೋನೋ ಪಿನ್ನಿಗೆ ಕವಲೊಡೆಯುವ ಕೇಬಲ್ ಬಳಸಿ, ಎರಡು ಚಾನೆಲಿಗೆ ಕೊಡಿ.

ಚಟಪಟ ಮತ್ತು ತಡ

ಈಗ ಸಾಫ್ಟ್‌ವೇರ್ ತೆರೆಯಬಹುದು. ವಿಂಡೋಸ್ ಆದರೆ ಆಡಿಯೋ ಸೆಟ್ಟಿಂಗಿನಲ್ಲಿ ಇಂಟರ್‌ಫೇಸಿನವರೇ ಕೊಟ್ಟ ಆಸಿಯೋ (ASIO, ತಡ ಕಡಿಮೆ ಮಾಡುವ) ಡ್ರೈವರ್ ಆಯ್ಕೆಯಾಗಿದೆಯೇ ನೋಡಿ. ಮ್ಯಾಕ್‌ನಲ್ಲಿ ಈ ರಗಳೆ ಇಲ್ಲ.

ಬಫರ್ 256, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಸದ್ದನ್ನು ಅಳೆಯುವ ಸಲ) 48,000 ಇದ್ದರೆ ಒಂದು ಬಫರ್ ಅಂದರೆ 5.3 ಮಿಲಿಸೆಕೆಂಡ್. 128 ಇಟ್ಟರೆ ಅದರ ಅರ್ಧ, 512 ಇಟ್ಟರೆ ಎರಡರಷ್ಟು. ಒಳಗೆ ಬರಲು ಒಂದು, ಹೊರಗೆ ಹೋಗಲು ಒಂದು ಎಂದು ಲೆಕ್ಕ ಹಾಕಿ, ಮೇಲೆ ಚೂರುಪಾರು ಸೇರಿಸಿ. ಸದ್ದು ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ 34 ಸೆಂ.ಮೀ. ಸಾಗುತ್ತದೆ. ಸ್ಪೀಕರಿನಿಂದ ಎರಡು ಮೀಟರ್ ದೂರ ನಿಂತರೂ ಸುಮಾರು ಆರು ಮಿಲಿಸೆಕೆಂಡ್ ತಡ ಆಗಿಯೇ ಆಗುತ್ತದೆ. ಹಾಗಾಗಿ 64ಕ್ಕೆ ಇಳಿಸಲೇಬೇಕು ಎಂಬ ಹಟದಲ್ಲಿ ಅರ್ಥವಿಲ್ಲ. ನುಡಿಸುವಾಗ 128 ಅಥವಾ 256, ಮಿಕ್ಸ್ ಮಾಡುವಾಗ 1024. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ತಡ ಎನ್ನುವವರಿಗೆ ಬಫರ್ ಬದಲಿಸಿ ಉಪಯೋಗವಿಲ್ಲ. ಅಲ್ಲಿ ತಡ ನೂರು ಮಿಲಿಸೆಕೆಂಡ್ ದಾಟುವುದು ಸಾಮಾನ್ಯ. ತಂತಿ ಇರುವುದನ್ನೇ ಹಾಕಿಕೊಳ್ಳಿ.

ಒಂದು ಬಲೆ ಇದೆ. ಗುಂಯ್ ಪರೀಕ್ಷೆಗೆಂದು ಚಾರ್ಜರ್ ಕಿತ್ತಿರಿ, ಗುಂಯ್ ನಿಂತಿತು, ಆದರೆ ಚಟಪಟ ಶುರುವಾಯಿತು. ಒಂದು ಹೋಗಿ ಇನ್ನೊಂದು ಬಂತಲ್ಲ ಎಂದು ತಲೆ ಕೆಡಿಸಿಕೊಳ್ಳಬೇಡಿ. ಚಾರ್ಜರ್ ಕಿತ್ತ ಕೂಡಲೇ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸಲು ಪ್ರೊಸೆಸರ್ ವೇಗ ಇಳಿಸಿತು, ಅಷ್ಟೇ. ಬ್ಯಾಟರಿಯಲ್ಲೂ ಪೂರ್ತಿ ವೇಗ ಕೊಡುವಂತೆ ಪವರ್ ಸೆಟ್ಟಿಂಗ್ ಬದಲಿಸಿ.

ಮೊದಲ ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಚಟಪಟ ಬಂದರೆ ಬಿಸಿ ಕಾರಣ. ಹಲಗೆ ಮೇಲೆ ಲ್ಯಾಪ್‌ಟಾಪ್ ಅಂಟಿಕೊಂಡು ಕೂತಿದೆ, ಕೆಳಗಿನ ಗಾಳಿ ಕಿಂಡಿ ಮುಚ್ಚಿದೆ. ಹಿಂಭಾಗಕ್ಕೆ ಎರಡು ರಬ್ಬರ್ ತುಂಡು ಇಟ್ಟು ಎತ್ತರಿಸಿ, ಅಥವಾ ಕಾರ್ಪೆಂಟರಿಗೆ ಹೇಳಿ ಆ ಜಾಗದಲ್ಲಿ ಹಲಗೆಗೆ ಅಂಗೈಯಗಲ ತೂತು ಕೊರೆಸಿ. ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನ ಕಡೆ ಶಾಮಿಯಾನದ ಕೆಳಗೆ ನುಡಿಸುವವರು ಈ ತೂತನ್ನು ಮೊದಲೇ ಕೊರೆಸಿಕೊಳ್ಳಲಿ.

ಚಿಕ್ಕಪುಟ್ಟವು

ಹಾಡುವವರ ದನಿ ಎರಡೆರಡು ಸಲ ಕೇಳುತ್ತಿದ್ದರೆ ಮೈಕಿನ ದನಿಯನ್ನು ನೇರ ಕೇಳಿಸುವ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್, ಸಾಫ್ಟ್‌ವೇರಿನ ಮೂಲಕ ಕೇಳಿಸುವ ಮಾನಿಟರ್ ಎರಡೂ ಆನ್ ಇವೆ. ಒಂದನ್ನು ಆಫ್ ಮಾಡಿ.

ತಂಬೂರಿ ಟ್ರ್ಯಾಕ್ ಹಾಕಿದ ಕೂಡಲೇ ಪಿಟೀಲಿನವರು ಮುಖ ಕಿವುಚಿ "ಶ್ರುತಿ ಏರಿದೆಯಲ್ಲ" ಎಂದರೆ ಸ್ಯಾಂಪಲ್ ರೇಟ್ ನೋಡಿ. 44,100ರಲ್ಲಿ ಮಾಡಿದ ಫೈಲ್ ಪರಿವರ್ತನೆಯಾಗದೆ 48,000ದಲ್ಲಿ ಓಡಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಏರುತ್ತದೆ, ವೇಗವೂ ಶೇ. 9ರಷ್ಟು ಹೆಚ್ಚುತ್ತದೆ. ತಂಬೂರಿಯಲ್ಲಿ ವೇಗ ಗೊತ್ತಾಗುವುದಿಲ್ಲ, ಹಾಗಾಗಿ ಎಲ್ಲರೂ ಪಿಟೀಲಿನ ಬಿರಡೆ ತಿರುಗಿಸಲು ಹೊರಡುತ್ತಾರೆ.

ಸ್ವರ ಒತ್ತಿ ಬಿಟ್ಟರೂ ನಿಲ್ಲದೆ ಎಳೆಯುತ್ತಿದ್ದರೆ, ಪೆಡಲ್ ಒತ್ತಿದಾಗ ಮಾತ್ರ ನಿಂತರೆ, ಪೆಡಲ್ ತಿರುಗುಮುರುಗಾಗಿದೆ. ಬಹಳಷ್ಟು ಕೀಬೋರ್ಡ್‌ಗಳು ಆನ್ ಆಗುವಾಗ ಪೆಡಲ್ ಯಾವ ಸ್ಥಿತಿಯಲ್ಲಿದೆಯೋ ಅದನ್ನೇ ಬಿಟ್ಟ ಸ್ಥಿತಿ ಎಂದುಕೊಳ್ಳುತ್ತವೆ. ಕೂತವರಿಗೆ ಇದು ಅಪರೂಪ. ನಿಂತವರು ಸ್ವಿಚ್ ಹಾಕಲು ಬಗ್ಗಿದಾಗ ಪಾದ ಪೆಡಲಿನ ಮೇಲೆ ಇದ್ದೇ ಇರುತ್ತದೆ. ಕಾಲು ತೆಗೆದು, ಆಫ್ ಮಾಡಿ ಆನ್ ಮಾಡಿ.

ನೋವೂ ಒಂದು ದೋಷವೇ

ಮಣಿಕಟ್ಟು ನೋಯುತ್ತಿದ್ದರೆ ಹಲಗೆ ತೀರಾ ಎತ್ತರದಲ್ಲಿದೆ. ಕೀಬೋರ್ಡಿನ ಕೀ ನಿಮ್ಮ ಮೊಣಕೈ ಮಟ್ಟಕ್ಕೆ ಇಲ್ಲವೇ ಒಂದಿಂಚು ಕೆಳಗೆ ಇರಲಿ. ಐದೂವರೆ ಅಡಿ ಎತ್ತರದವರಿಗೆ ನೆಲದಿಂದ ಅದು ಸುಮಾರು 105 ಸೆಂ.ಮೀ. ಕತ್ತು ನೋಯುತ್ತಿದ್ದರೆ ಪರದೆ ಕೆಳಗಿದೆ, ಲ್ಯಾಪ್‌ಟಾಪನ್ನು ಹಿಂದೆ ಒಂದು ಮೆಟ್ಟಿಲು ಮಾಡಿ ಎತ್ತಿ. ಸೊಂಟದ ಒಂದೇ ಬದಿ ನೋಯುತ್ತಿದ್ದರೆ ಪೆಡಲಿನ ಕಡೆ ನೋಡಿ. ಸದಾ ಒಂದು ಕಾಲಿನ ಮೇಲೆ ನಿಂತು ಇನ್ನೊಂದರಿಂದ ಒತ್ತುತ್ತಿದ್ದೀರಿ. ಇನ್ನೊಂದು ಕಾಲಿಗೂ ಅಷ್ಟೇ ದಪ್ಪದ ಮರದ ತುಂಡು ಕೊಡಿ, ಭಾರ ಸಮನಾಗುತ್ತದೆ.

ಸಮಯವೇ ಇಲ್ಲದಾಗ

ನಿರೂಪಕಿ ನಿಮ್ಮ ಹೆಸರು ಕರೆದಾಗಿದೆ, ಸೆಟಪ್ ಸದ್ದು ಮಾಡುತ್ತಿದೆ. ಆಗ ಕಾರಣ ಹುಡುಕಬೇಡಿ. ಚಾರ್ಜರ್ ಕೀಳಿ. ಅದಕ್ಕೇ ಮನೆಯಿಂದ ಹೊರಡುವಾಗ ಬ್ಯಾಟರಿ ತುಂಬಿಸಿರಬೇಕು. ನಿಲ್ಲದಿದ್ದರೆ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಒತ್ತಿ. ಅದಕ್ಕೂ ಬಗ್ಗದಿದ್ದರೆ ಇಂಟರ್‌ಫೇಸಿನ ಕೇಬಲ್ ಬದಲಿಸಿ, ಒಂದು ಹೊಸ ಕೇಬಲ್ ಯಾವಾಗಲೂ ಬ್ಯಾಗಿನಲ್ಲಿ ಬಿಚ್ಚದೆ ಇರಲಿ. ಏನೂ ಆಗಲಿಲ್ಲವೆಂದರೆ ಲ್ಯಾಪ್‌ಟಾಪ್ ಪಕ್ಕಕ್ಕಿಡಿ. ತಂಬೂರಿ ಮತ್ತು ಹಿನ್ನೆಲೆ ಟ್ರ್ಯಾಕ್‌ಗಳ ಒಂದು ಪ್ರತಿ ಮೊಬೈಲಿನಲ್ಲಿ ಇಟ್ಟಿದ್ದರೆ ಅದನ್ನು ಕವಲು ಕೇಬಲಿನಿಂದ ಮಿಕ್ಸರಿಗೆ ಕೊಟ್ಟು ಕಾರ್ಯಕ್ರಮ ಶುರು ಮಾಡಬಹುದು. ಕೊಡುವ ಮೊದಲು ಏರ್‌ಪ್ಲೇನ್ ಮೋಡ್ ಹಾಕಿ. ಇಲ್ಲದಿದ್ದರೆ ಆಲಾಪದ ನಡುವೆ ಲೋನ್ ಬೇಕಾ ಸಾರ್ ಎಂದು ಯಾರಾದರೂ ಫೋನ್ ಮಾಡುತ್ತಾರೆ.